ಮುಕ್ಕಾಲು ಸುತ್ತು

ನಾನು ಒಂದು ತಿರುಪು. ಉದ್ದ ಅಂದರೆ ಹೆಬ್ಬೆರಳಿನ ಒಂದು ಗೆಣ್ಣು, ಮೈಯೆಲ್ಲ ಹಿತ್ತಾಳೆ, ಕೊರಳಿಗೊಂದು ಪುಟ್ಟ ಸ್ಪ್ರಿಂಗು, ನೆತ್ತಿಯ ಮೇಲೆ ಸ್ಕ್ರೂಡ್ರೈವರ್ ಕೂರಲು ಒಂದು ಗೀರು. ಇಷ್ಟೇನಾ ಅಂತ ನಗಬೇಡಿ. ನನ್ನ ವಾಸ ಮೋಟರ್‌ಸೈಕಲ್ಲಿನ ಕಾರ್ಬುರೇಟರಿನಲ್ಲಿ. ಸವಾರ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನು ಎಷ್ಟು ಮೆಲ್ಲಗೆ ಓಡುತ್ತಿರಬೇಕು ಅನ್ನುವುದು ನನ್ನ ಕೈಯಲ್ಲಿದೆ. ನನ್ನನ್ನು ಒಳಕ್ಕೆ ತಿರುಗಿಸಿದರೆ ಅದು ಜೋರಾಗುತ್ತದೆ, ಹೊರಕ್ಕೆ ತಿರುಗಿಸಿದರೆ ನಿಧಾನವಾಗುತ್ತದೆ, ಇನ್ನೂ ತಿರುಗಿಸಿದರೆ ಆರಿಯೇ ಹೋಗುತ್ತದೆ. ಮೆಕ್ಯಾನಿಕ್ಕುಗಳು ನನ್ನನ್ನು ಐಡ್ಲಿಂಗ್ ಸ್ಕ್ರೂ ಅನ್ನುತ್ತಾರೆ. ಓಡುವ ಗಾಡಿಯನ್ನು ಊರೆಲ್ಲ ಹೊಗಳುತ್ತದೆ. ನಿಂತ ಗಾಡಿಯ ಜೀವ ಹಿಡಿದುಕೊಂಡಿರುವವನನ್ನು ಯಾರಾದರೂ ಕೇಳಿದ್ದುಂಟೇ?

ನಾನು ಹುಟ್ಟಿದ್ದು ಒಂದು ಲೇತಿನ ಮೇಲೆ. ಉದ್ದನೆಯ ಹಿತ್ತಾಳೆ ಸರಳಿನ ತುದಿಯಲ್ಲಿದ್ದೆ, ಗಿರಗಿರನೆ ತಿರುಗಿದೆ, ಮೈಮೇಲೆ ಹಾಲಿನಂಥ ತಣ್ಣನೆಯ ಎಣ್ಣೆನೀರು ಬಿತ್ತು, ಅಷ್ಟರಲ್ಲಿ ಕಟ್ ಅಂತ ಕೆಳಗೆ ಬಿದ್ದೆ. ನೋಡಿದರೆ ತಟ್ಟೆಯ ತುಂಬ ನನ್ನಂಥವರೇ. ಹಸಿರು ಬಳೆಯ ಹೆಂಗಸೊಬ್ಬಳು ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ ಅಳತೆ ನೋಡುತ್ತಿದ್ದಳು. ನನ್ನನ್ನು ಎರಡು ಸಲ ನೋಡಿದಳು. ಎದೆ ಡವಡವ ಅಂದಿತು. ಆಮೇಲೆ ಪಾಸಾದವರ ಡಬ್ಬಕ್ಕೆ ಹಾಕಿದಳು. ಪರೀಕ್ಷೆ ಅಂದರೆ ಏನು ಅಂತ ಆವತ್ತೇ ನನಗೆ ಗೊತ್ತಾಗಿದ್ದು.

ನಮ್ಮ ಗಾಡಿಯನ್ನು ಮೊದಲು ಕೊಂಡವರು ಕನಕಪುರದ ಡ್ರಾಯಿಂಗ್ ಮೇಷ್ಟ್ರು ವೆಂಕಟಾಚಲಯ್ಯ. ಟ್ಯಾಂಕಿನ ಕೆಳಗಿರುವ ನನಗೆ ಮನುಷ್ಯರ ಮುಖ ಕಾಣುವುದು ಅಪರೂಪ. ನಾನು ಕಂಡಿದ್ದು ಮೇಷ್ಟ್ರ ಇಸ್ತ್ರಿ ಪ್ಯಾಂಟಿನ ಮಂಡಿ ಮತ್ತು ಅದಕ್ಕೆ ಹತ್ತಿದ ಬಣ್ಣ. ಒಂಬತ್ತು ವರ್ಷ ಅವರು ನನ್ನನ್ನು ಮುಟ್ಟಲಿಲ್ಲ. ಗಾಡಿ ನಿಂತಾಗಲೂ ಎಂಜಿನ್ನು ಆರದೆ ಚೆನ್ನಾಗಿಯೇ ಓಡುತ್ತಿತ್ತು, ಮುಟ್ಟುವ ಅಗತ್ಯವೂ ಇರಲಿಲ್ಲ. ಸುಖವಾಗಿದ್ದೆ, ನಿಜ ಹೇಳಬೇಕೆಂದರೆ ಬೇಜಾರೂ ಆಗಿತ್ತು.

ಮೇಷ್ಟ್ರು ರಿಟೈರಾದ ಮೇಲೆ ಗಾಡಿ ಹತ್ತಿರದ ಹಳ್ಳಿಯ ಮರಿಲಿಂಗಯ್ಯನ ಕೈಗೆ ಬಂತು. ಅವನೂ ಅವನ ಹೆಂಡತಿ ತಿಮ್ಮಾಜಮ್ಮನೂ ಚಾಕಿ ಮನೆ ನಡೆಸುತ್ತಿದ್ದರು. ಅಂದರೆ, ರೇಷ್ಮೆಯ ಮರಿಹುಳುಗಳನ್ನು ಮೊಟ್ಟೆಯೊಡೆದ ದಿನದಿಂದ ಸಾಕಿ, ಎರಡನೇ ಜ್ವರದ ಹೊತ್ತಿಗೆ ರೈತರ ಮನೆಗೆ ತಲುಪಿಸುವ ಕೆಲಸ. ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಬಿಸಿಲೇರುವ ಮುಂಚೆ, ಅಲುಗಾಡಿಸದೆ ಮುಟ್ಟಿಸಬೇಕು. ಮರಿಲಿಂಗಯ್ಯ ಗಾಡಿಯ ಹಿಂದೆ ಕ್ಯಾರಿಯರ್ ಕಟ್ಟಿಸಿ, ತಟ್ಟೆಗಳನ್ನು ಒಂದರ ಮೇಲೊಂದಿಟ್ಟು, ಹದಿಮೂರು ಹಳ್ಳಿಗೆ ಹುಳು ಹಂಚುತ್ತಿದ್ದ.

ಒಳ್ಳೆಯ ಮನುಷ್ಯ. ಆದರೆ ಒಂದು ಚಟ. ಎಂಜಿನ್ನು ಡಗ್... ಡಗ್... ಡಗ್ ಅಂತ ಬಿಟ್ಟು ಬಿಟ್ಟು ಬಡಿಯಬೇಕು ಅವನಿಗೆ. ಬಂದ ದಿನವೇ ನನ್ನನ್ನು ಹೊರಕ್ಕೆ ತಿರುಗಿಸಿದ.

"ಕೇಳಮ್ಮಿ ಸದ್ದಾ! ಆನೆ ನಡ್ದಂಗಿಲ್ವಾ?"

"ಕೆಮ್ಮು ಬಂದಂಗೈತೆ" ಅಂದಳು ತಿಮ್ಮಾಜಮ್ಮ.

ಅವಳು ಹೇಳಿದ್ದೇ ಸರಿ. ಎಂಜಿನ್ನು ಉಸಿರು ಸಿಗದೆ ನಡುಗುತ್ತಿತ್ತು, ತಿರುವಿನಲ್ಲಿ ಆರಿಹೋಗುತ್ತಿತ್ತು. ಆರಿದಾಗೆಲ್ಲ ಅವನು ಒದ್ದು ಸ್ಟಾರ್ಟ್ ಮಾಡಿ, ಏನೂ ಆಗಿಲ್ಲ ಅನ್ನುವ ಹಾಗೆ ಮೀಸೆ ಸವರಿಕೊಳ್ಳುತ್ತಿದ್ದ. ಹೀಗೇ ಆರು ವರ್ಷ ನಡೆಯಿತು.

ಆಮೇಲೆ ಮರಿಲಿಂಗಯ್ಯನ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಇನ್ನು ಗಾಡಿ ಓಡಿಸಬೇಡಿ ಅಂದುಬಿಟ್ಟರು ಡಾಕ್ಟರು. ಅವನು ಮನೆಗೆ ಬಂದು ಜಗಲಿಯ ಮೇಲೆ ಕೂತ. ಎರಡು ದಿನ ಅಲ್ಲಿಂದ ಏಳಲೇ ಇಲ್ಲ. ಹುಳುಗಳನ್ನು ಆಟೋದಲ್ಲಿ ಕಳಿಸಿ ನೋಡಿದರು, ಕುಲುಕಾಟಕ್ಕೆ ಅರ್ಧ ಹುಳು ಹಾಳಾದವು.

"ಚಾಕಿ ಮನೆ ಮುಚ್ಬುಡವ ತಿಮ್ಮಾಜಿ" ಅಂದ ಮೂರನೇ ದಿನ.

"ಯಾಕ್ ಮುಚ್ಬೇಕು? ನಂಗೇನ್ ಕೈಕಾಲಿಲ್ವಾ? ನಾನ್ ಕಲೀತೀನಿ. ಲೈಸೆನ್ಸೂ ಮಾಡಿಸ್ತೀನಿ, ಕದ್ದು ಮುಚ್ಚಿ ಓಡ್ಸಾಕಿಲ್ಲ."

ನಲವತ್ತೆರಡು ವರ್ಷದ ಹೆಂಗಸು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಗಾಡಿ ಹತ್ತಿದಳು. ಮೊದಲ ದಿನವೇ ಗಾಡಿ, ಅವಳು, ನಾನು ಮೂವರೂ ಹಿಪ್ಪುನೇರಳೆ ತೋಟದೊಳಗೆ ಬಿದ್ದೆವು. ಗಂಡ ಗಾಬರಿಯಿಂದ ತಡವರಿಸಿಕೊಂಡು ಓಡಿಬಂದ. ಅವಳು ತಲೆಯ ತುಂಬ ಎಲೆ ಸಿಕ್ಕಿಸಿಕೊಂಡು ಎದ್ದುನಿಂತು, "ಹುಳಕ್ಕೆ ಸೊಪ್ಪು ತಂದೆ ಅನ್ಕಳಿ" ಅಂದಳು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಡಾಕ್ಟರ ಹತ್ತಿರ ಹೋಗಿ ಬಂದಮೇಲೆ ಮರಿಲಿಂಗಯ್ಯ ನಕ್ಕಿದ್ದು ಆವತ್ತೇ. ಈ ಹೆಂಗಸಿಗಾಗಿ ನಾನು ಏನು ಬೇಕಾದರೂ ಮಾಡಬಲ್ಲೆ ಅನಿಸಿತು ನನಗೆ.

ಆದರೆ ನಾನಾಗಿಯೇ ತಿರುಗಲಾರೆನಲ್ಲ!

ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ಸುಣ್ಣದಲ್ಲಿ ದೊಡ್ಡ ಎಂಟು ಬರೆದಿದ್ದರು. ಅದರ ಗೆರೆ ದಾಟದೆ, ಕಾಲು ಕೆಳಗಿಡದೆ, ಮೆಲ್ಲಗೆ ಗಾಡಿ ಓಡಿಸಬೇಕು. ಅಷ್ಟು ಮೆಲ್ಲಗೆ ಹೋಗುವಾಗ ಆಕ್ಸಿಲರೇಟರಿನ ಕೆಲಸ ಕಡಿಮೆ, ಗಾಡಿ ನನ್ನ ಮೇಲೆಯೇ ನಿಂತಿರುತ್ತದೆ. ಮರಿಲಿಂಗಯ್ಯನ ಆನೆ ನಡಿಗೆಯ ಅಳತೆಯಲ್ಲಿ ನಾನೆಷ್ಟು ಹೊತ್ತು ತಾಳಲಿ? ಎಂಟರ ನಡುವೆ ಬರುತ್ತಲೂ ಎಂಜಿನ್ನು ಕೆಮ್ಮಿ ಆರಿತು. ತಿಮ್ಮಾಜಮ್ಮ ಕಾಲು ಕೆಳಗಿಟ್ಟಳು. "ಮುಂದಿನ ವಾರ ಬನ್ನಿ" ಅಂದರು ಇನ್‌ಸ್ಪೆಕ್ಟರು.

ತಪ್ಪು ತನ್ನದೆಂದು ಮರಿಲಿಂಗಯ್ಯನಿಗೆ ಗೊತ್ತಾಯಿತು. ಮುಂದಿನ ವಾರ ಪರೀಕ್ಷೆಯ ದಿನ ಮುಂಜಾನೆ ಐದಕ್ಕೇ ಎದ್ದ. ಚಳಿಗೆ ಗಾಡಿ ಮಂಜುಗಡ್ಡೆಯಾಗಿತ್ತು. ಸ್ಟಾರ್ಟ್ ಮಾಡಿ, ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಲ್ಲಿ ನನ್ನನ್ನು ಹುಡುಕಿ, ಒಳಕ್ಕೆ ತಿರುಗಿಸಿದ, ಇನ್ನೂ ತಿರುಗಿಸಿದ. ತಣ್ಣಗಿರುವ ಎಂಜಿನ್ನಿಗೆ ಎಷ್ಟು ಕೊಟ್ಟರೂ ಸಾಲದು. ಕೊನೆಗೊಂದು ಕಡೆ ಅದು ಆರದೆ ಹದವಾಗಿ ಓಡತೊಡಗಿತು. "ಈಗ ನೋಡು, ಆರೋ ಮಾತೇ ಇಲ್ಲ" ಅಂತ ಖುಷಿಯಾಗಿ ಹಿಂದೆ ಕೂತ. ಅಯ್ಯೋ ಮಹರಾಯ, ಎಂಜಿನ್ನು ಕಾದ ಮೇಲೆ ಏನಾಗುತ್ತದೆ ಅಂತ ಯೋಚಿಸಿದೆಯಾ! ಇಪ್ಪತ್ತು ಕಿಲೋಮೀಟರ್ ಓಡಿ ಮೈದಾನಕ್ಕೆ ಬರುವ ಹೊತ್ತಿಗೆ ಅದು ಕಿರ್ರೋ ಅಂತ ಅರಚುತ್ತಿತ್ತು. ಕ್ಲಚ್ ಬಿಟ್ಟದ್ದೇ ತಡ, ಗಾಡಿ ಅವಳನ್ನು ಎಳೆದುಕೊಂಡು ಗೆರೆ ದಾಟಿ ಇನ್‌ಸ್ಪೆಕ್ಟರ ಕುರ್ಚಿಯ ಹತ್ತಿರವೇ ಹೋಯಿತು. ಅವರು ಫೈಲು ಹಿಡಿದುಕೊಂಡು ಎದ್ದು ಓಡಿದರು.

"ಇನ್ನೊಂದೇ ಸಲ ಕಣಮ್ಮ" ಅಂದರು ಏದುಸಿರು ಬಿಡುತ್ತ. "ಮೂರನೇದೂ ಹೋದ್ರೆ ಆಮೇಲೆ ಎರಡು ತಿಂಗಳು ಬರೋ ಹಾಗಿಲ್ಲ."

ಎರಡು ತಿಂಗಳು! ಹತ್ತು ದಿನದಲ್ಲಿ ಹೊಸ ಹುಳು ಜ್ವರಕ್ಕೆ ಕೂರುತ್ತಿದ್ದವು. ಈ ಸಲ ಹುಳು ಮುಟ್ಟದಿದ್ದರೆ ಹದಿಮೂರು ಹಳ್ಳಿಯವರೂ ಬೇರೆ ಚಾಕಿ ಮನೆ ನೋಡಿಕೊಳ್ಳುತ್ತಿದ್ದರು. ತಿಮ್ಮಾಜಮ್ಮ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಹೋಗಿ ಕೂತಳು. ಆಮೇಲೆ ಇಬ್ಬರೂ ಗಾಡಿ ತಳ್ಳಿಕೊಂಡು ಮೈದಾನದ ಪಕ್ಕದ ಅಮೀರ್‌ಜಾನ್ ಸಾಬರ ಗ್ಯಾರೇಜಿಗೆ ಬಂದರು. ಸಾಬರು ಹಳೆಯ ಕಾಲದ ಮೆಕ್ಯಾನಿಕ್ಕು, ಬಿಳಿ ಗಡ್ಡ, ಕಿವಿಯ ಹಿಂದೆ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್. ಕಥೆಯೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅರೆ ಗೌಡ್ರೇ, ತಣ್ಣಗಿರೋ ಎಂಜಿನ್ ಸುಳ್ಳು ಹೇಳ್ತದೆ. ಅದರ ಮಾತು ನಂಬಿ ತಿರುಪ್ತಾರಾ?" ಅಂದರು. ಆಮೇಲೆ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದರು. "ಈಗ್ಲೂ ತಣ್ಣಗಾಗೋಗಿದೆ. ಅಕ್ಕ, ಕೆರೆ ಏರಿ ಮೇಲೆ ಎರಡು ರೌಂಡ್ ಹೋಗ್ಬನ್ನಿ. ಕಾದ್ಮೇಲೇ ಇವನ್ನ ಮುಟ್ಟೋದು."

ತಿಮ್ಮಾಜಮ್ಮ ತಟ್ಟನೆ ತಲೆಯೆತ್ತಿದಳು. "ಅಯ್ಯೋ, ಇಷ್ಟೇನಾ ಸಾಬ್ರೇ! ಜ್ವರಕ್ಕೆ ಕೂತ ಹುಳಕ್ಕೆ ನಾವೂ ಸೊಪ್ಪು ಹಾಕಾಕಿಲ್ಲ. ಎಲ್ಲಾವೂ ಎದ್ಮೇಲೇನೇ ಹಾಕೋದು. ಆತುರಪಟ್ರೆ ಕೆಟ್ಟೋಯ್ತವೆ."

"ಹಾಂ! ನಿಮಗೆ ಗೊತ್ತಿರೋ ಕೆಲ್ಸಾನೇ ಬಿಡಿ" ಅಂದರು ಸಾಬರು.

ಅವಳು ಸುತ್ತು ಹೊಡೆದು ಬಂದಳು. ಸಾಬರು ಕಿವಿಯ ಹಿಂದಿನ ಸ್ಕ್ರೂಡ್ರೈವರ್ ತೆಗೆದು ಅವಳ ಕೈಗೇ ಕೊಟ್ಟರು. ಮೊಟ್ಟಮೊದಲ ಬಾರಿಗೆ ತಿಮ್ಮಾಜಮ್ಮನ ಮುಖ ನನ್ನ ಹತ್ತಿರಕ್ಕೆ ಬಂತು: ದೊಡ್ಡ ಕುಂಕುಮ, ಎರಡು ಕಡೆಯೂ ಮೂಗುಬೊಟ್ಟು, ಬೆವರಿಗೆ ಅಂಟಿದ ಕೂದಲು. ತಟ್ಟೆಗೆ ಕಿವಿಯಿಟ್ಟು ಹುಳು ಸೊಪ್ಪು ತಿನ್ನುವುದನ್ನು ಕೇಳಿ ಅಭ್ಯಾಸವಿದ್ದವಳು, ನನ್ನ ಕಡೆಗೂ ಹಾಗೆಯೇ ಕಿವಿ ಕೊಟ್ಟಳು. ಕಾಲು ಸುತ್ತು ಹೊರಕ್ಕೆ. ಅರಚಾಟ ತಗ್ಗಿತು. ಅರ್ಧ ಸುತ್ತು. ಇನ್ನೂ ಸ್ವಲ್ಪ ಆತುರ ಇತ್ತು. ಮುಕ್ಕಾಲು ಸುತ್ತು. ಅಲ್ಲಿ ಎಂಜಿನ್ನು ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕುವ ಹಾಗೆ ಸಮವಾಗಿ, ನೆಮ್ಮದಿಯಾಗಿ ನಿಂತಿತು. ಅವಳು ಕೈ ತೆಗೆದಳು. ಸಾಬರು ಸ್ಕ್ರೂಡ್ರೈವರನ್ನು ವಾಪಸು ಕಿವಿಗೆ ಸಿಕ್ಕಿಸಿಕೊಂಡರು. ಆಹಾ, ಹುಟ್ಟಿದ್ದಕ್ಕೂ ಸಾರ್ಥಕವಾಯಿತು ಅನಿಸಿತು ನನಗೆ!

ಮೂರನೇ ಪರೀಕ್ಷೆಯ ಮುಂಜಾನೆ ಮತ್ತೆ ಅದೇ ಚಳಿ. ಗಾಡಿ ಸ್ಟಾರ್ಟಾಯಿತು, ಆರಿತು. ಮತ್ತೆ ಸ್ಟಾರ್ಟಾಯಿತು, ಮತ್ತೆ ಆರಿತು. ಮರಿಲಿಂಗಯ್ಯನಿಗೆ ತಡೆಯಲಾಗಲಿಲ್ಲ. "ಒಂದೀಟು ತಿರುಪ್ಲಾ? ಒಂದೇ ಒಂದೀಟು" ಅಂದ. ಅವನ ಬೆರಳು ನನ್ನ ನೆತ್ತಿಗೆ ತಾಗಿಯೇಬಿಟ್ಟಿತು. ನನ್ನ ಜೀವ ಬಾಯಿಗೆ ಬಂತು.

ಪಟ್ ಅಂತ ಅವನ ಕೈಮೇಲೆ ಒಂದು ಏಟು ಬಿತ್ತು.

"ಕೈ ತಗೀರಿ! ಕಾಯ್ಲಿ ಮೊದ್ಲು."

ಅವಳು ಆಕ್ಸಿಲರೇಟರನ್ನು ಚೂರೇ ಹಿಡಿದುಕೊಂಡು ನಿಂತಳು, ಎಂಜಿನ್ನಿಗೆ ಬಿಸಿ ಹತ್ತುವ ತನಕ. ಆಮೇಲೆ ಕೈ ಬಿಟ್ಟರೂ ಎಂಜಿನ್ನು ಆರದೆ ಸಮವಾಗಿ ಓಡುತ್ತಿತ್ತು. ಮರಿಲಿಂಗಯ್ಯ ಕೈ ಉಜ್ಜಿಕೊಳ್ಳುತ್ತ ಹಿಂದೆ ಹತ್ತಿದ.

ಮೈದಾನದಲ್ಲಿ ಇನ್‌ಸ್ಪೆಕ್ಟರು ಈ ಸಲ ಕುರ್ಚಿಯನ್ನು ಬಹಳ ದೂರ ಹಾಕಿಸಿಕೊಂಡಿದ್ದರು. ತಿಮ್ಮಾಜಮ್ಮ ಎಂಟರೊಳಗೆ ಇಳಿದಳು. ಮೊದಲ ಸುತ್ತು ಸಲೀಸು. ಎರಡು ಗೆರೆ ಕೂಡುವ ನಡುವಿನ ಕತ್ತರಿ ಬಂತು, ಮೊದಲ ಸಲ ಗಾಡಿ ಆರಿದ ಜಾಗ. ಅವಳು ಕೈ ಪೂರ್ತಿ ಸಡಿಲ ಬಿಟ್ಟಳು. ಈಗ ಗಾಡಿ, ಅವಳು, ಚಾಕಿ ಮನೆ, ಎಲ್ಲದರ ಭಾರವೂ ನನ್ನ ಮೇಲೆ. ನಾನು ಹಲ್ಲು ಕಚ್ಚಿ ಹಿಡಿದುಕೊಂಡೆ. ಎಂಜಿನ್ನು ಅರಚಲಿಲ್ಲ, ಕೆಮ್ಮಲಿಲ್ಲ. ಗಾಡಿ ಮೆಲ್ಲಗೆ ಕತ್ತರಿ ದಾಟಿ ಎರಡನೇ ಸುತ್ತು ಮುಗಿಸಿ ಹೊರಗೆ ಬಂತು. ಇನ್‌ಸ್ಪೆಕ್ಟರು ಬಾಯಿ ತೆರೆಯುವ ಮುಂಚೆಯೇ ಬೇವಿನ ಮರದ ಕೆಳಗಿಂದ ಚಪ್ಪಾಳೆ ಕೇಳಿಸಿತು. ಮರಿಲಿಂಗಯ್ಯನಿಗೆ ಅಷ್ಟು ದೂರದ ಎಂಟು ಕಾಣುತ್ತಿರಲಿಲ್ಲ. ಸದ್ದು ಎಲ್ಲೂ ನಿಲ್ಲಲಿಲ್ಲ ಅನ್ನುವುದು ಮಾತ್ರ ಕೇಳಿಸಿತ್ತು.

"ಪಾಸು" ಅಂದರು ಇನ್‌ಸ್ಪೆಕ್ಟರು. ನನಗೆ ಹಸಿರು ಬಳೆಯ ಹೆಂಗಸಿನ ಡಬ್ಬ ನೆನಪಾಯಿತು.

ಆಮೇಲಿನ ಹನ್ನೊಂದು ವರ್ಷ ನನ್ನ ಬದುಕಿನ ಸುಗ್ಗಿ. ತಿಮ್ಮಾಜಮ್ಮ ಬೆಳಕು ಹರಿಯುವಾಗ ಹೊರಟರೆ ಬಿಸಿಲೇರುವಷ್ಟರಲ್ಲಿ ಹುಳು ಮುಟ್ಟಿಸಿ ಬರುತ್ತಿದ್ದಳು. ಹದಿಮೂರು ಹಳ್ಳಿ ಹತ್ತೊಂಬತ್ತಾದವು. ಮರಿಲಿಂಗಯ್ಯನ ಕಣ್ಣು ಅಷ್ಟರಲ್ಲಿ ಪೂರ್ತಿ ಮುಚ್ಚಿಕೊಂಡಿತ್ತು. ಅವಳು ಅಂಗಳಕ್ಕೆ ಬಂದ ಕೂಡಲೇ ಗಾಡಿ ಆಫ್ ಮಾಡುತ್ತಿರಲಿಲ್ಲ. ಒಂದು ನಿಮಿಷ ನನ್ನ ಮೇಲೆ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಅವನು ಜಗಲಿಯಿಂದ ಆ ಸದ್ದು ಪೂರ್ತಿ ಕೇಳಿ, "ಬಂದ್ಯಾ?" ಅನ್ನುತ್ತಿದ್ದ. ಆಗ ಆಫ್ ಮಾಡುತ್ತಿದ್ದಳು.

ಎಲ್ಲಕ್ಕೂ ಒಂದು ಕಾಲ. ಕಾರ್ಬುರೇಟರಿನ ಮೈ ಸವೆಯಿತು, ನನ್ನ ಎಳೆಗಳೂ ಸವೆದವು. ಗಾಡಿ ಗುಜರಿಗೆ ಹೊರಟಿತು, ಹೊಸ ಗಾಡಿ ಬಂತು. ಅದರಲ್ಲಿ ಕಾರ್ಬುರೇಟರೇ ಇಲ್ಲವಂತೆ, ಎಲ್ಲವನ್ನೂ ಗಾಡಿಯೇ ನೋಡಿಕೊಳ್ಳುತ್ತದಂತೆ. ನೋಡಿಕೊಳ್ಳಲಿ ಬಿಡಿ, ನನಗೇನು ಹೊಟ್ಟೆಕಿಚ್ಚಿಲ್ಲ. ಸರಿ, ಸ್ವಲ್ಪ ಇದೆ.

"ಗಾಡಿ ಓಗ್ಲಿ ಸಾಬ್ರೇ, ಇವನೊಬ್ಬ ನಂಗೆ ಬೇಕು" ಅಂದಳು ತಿಮ್ಮಾಜಮ್ಮ. ಸಾಬರು ನನ್ನನ್ನು ಬಿಚ್ಚಿ, ನೆತ್ತಿಗೊಂದು ತೂತು ಕೊರೆದು, ಹೊಸ ಗಾಡಿಯ ಕೀಗೊಂಚಲಿಗೆ ಪೋಣಿಸಿಕೊಟ್ಟರು. ಕೊರೆಯುವಾಗ ನೋವಾಯಿತು. ಆದರೆ ಅಲ್ಲಿಂದ ಎಲ್ಲರ ಮುಖವೂ ಚೆನ್ನಾಗಿ ಕಾಣುತ್ತದೆ ಅಂತ ಗೊತ್ತಾದ ಮೇಲೆ ನೋವು ಮರೆತೆ.

ಹೊಸ ಗಾಡಿ ಬಂದ ದಿನ ಅವಳು ಎಂದಿನಂತೆ ಅಂಗಳದಲ್ಲಿ ನಿಂತಳು. ಎಂಜಿನ್ನು ಮೆತ್ತಗೆ ಸುಯ್ಯ್ ಅನ್ನುತ್ತಿತ್ತು. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಜಗಲಿಯ ಮೇಲಿನ ಮರಿಲಿಂಗಯ್ಯ ಕತ್ತು ಆ ಕಡೆ ಈ ಕಡೆ ತಿರುಗಿಸಿ, "ಯಾರದು?" ಅಂದ.

ತಿಮ್ಮಾಜಮ್ಮನ ಮುಖ ಸಣ್ಣದಾಯಿತು. ಎಂಜಿನ್ನು ಆಫ್ ಮಾಡಿ, ಕೀ ಕಿತ್ತುಕೊಂಡು, ಜಗಲಿ ಹತ್ತಿ ಅವನ ಪಕ್ಕ ಕೂತಳು. ಗೊಂಚಲನ್ನು ಅವನ ಕೈಯಲ್ಲಿಟ್ಟಳು. ಅವನ ಬೆರಳು ಕೀಗಳನ್ನು ದಾಟಿ ಬಂದು ನನ್ನ ಮೇಲೆ ನಿಂತಿತು. ಸ್ಪ್ರಿಂಗು, ಗೀರು, ಸವೆದ ಎಳೆ, ಎಲ್ಲವನ್ನೂ ಸವರಿತು.

"ಇವನು ನಮ್ಮವನಲ್ವಾ?" ಅಂದ. ಆಮೇಲೆ ಗಾಬರಿಯಾದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. "ತಿರುಪ್ನಿಲ್ಲ ಕಣಮ್ಮಿ, ಬರೀ ಮುಟ್ಟಿ ನೋಡ್ದೆ."

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಈಗ ನಾನು ಮುದುಕ. ಎಂಜಿನ್ನಿನ ಬಿಸಿಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ, ಹೊರುವ ಭಾರವೂ ಇಲ್ಲ. ಆದರೂ ಕೆಲಸ ತಪ್ಪಿಲ್ಲ. ದಿನಾ ಬೆಳಿಗ್ಗೆ ಅವಳು ಹುಳು ಮುಟ್ಟಿಸಿ ಅಂಗಳಕ್ಕೆ ಬಂದು ಗೊಂಚಲನ್ನು ಮೂರು ಸಲ ಅಲ್ಲಾಡಿಸುತ್ತಾಳೆ. ಕೀಗಳಿಗೆ ಬಡಿದು ನಾನು ಕಿಣಿ ಕಿಣಿ ಕಿಣಿ ಅನ್ನುತ್ತೇನೆ. ಜಗಲಿಯಿಂದ ಕೇಳಿಸುತ್ತದೆ:

"ಬಂದ್ಯಾ?"