ಹದಿನೇಳರ ಮಗ್ಗಿ

ಝೂಮಿನಲ್ಲಿ ಪ್ರೊಫೆಸರ್ ಎಲೆನ್ ಮುಖ ಕಾಣಿಸಿಕೊಳ್ಳುವ ಹೊತ್ತಿಗೆ ಭಾನುಮತಿ ಎರಡು ಲೋಟ ನೀರು ಕುಡಿದು ಮುಗಿಸಿದ್ದಳು. ಪಕ್ಕದ ಕುರ್ಚಿಯಲ್ಲಿ ಅತ್ತೆ ದೇವೀರಮ್ಮ ಹೊಸ ಸ್ವೆಟರ್ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹೆಣ್ಣು ನೋಡೋಕೆ ಬಂದವರ ಹಾಗೆ ನೆಟ್ಟಗೆ ಕೂತಿದ್ದರು. ಪರೀಕ್ಷೆಯ ದಿನ ಮನೆಯಲ್ಲಿದ್ದವರೂ ವಿಚಾರಣೆಗೆ ಬರಬೇಕು ಅಂತ ಕಾಲೇಜಿನವರು ಈಮೇಲ್ ಕಳಿಸಿದ್ದರು.

ಆಗಿದ್ದು ಇಷ್ಟೇ. ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಕೋರ್ಸಿನಲ್ಲಿ ಔಷಧಿಯ ಡೋಸ್ ಲೆಕ್ಕ ಹಾಕುವ ಪರೀಕ್ಷೆ. ಕ್ಯಾಲ್ಕ್ಯುಲೇಟರ್ ಮುಟ್ಟೋ ಹಾಗಿಲ್ಲ. ಅದು ಪಾಸಾದರೇ ನರ್ಸಿಂಗ್‌ಗೆ ಅರ್ಜಿ, ಅರ್ಜಿಗೆ ಶುಕ್ರವಾರ ಕೊನೆ. ಇವತ್ತು ಮಂಗಳವಾರ. ವೀಸಾ ಸರಿಹೋಗಲಿ, ಮಗಳು ದೊಡ್ಡವಳಾಗಲಿ ಅಂತ ಹನ್ನೊಂದು ವರ್ಷ ಕಾದವಳು ಭಾನುಮತಿ. ನಲವತ್ತೆರಡಕ್ಕೆ ಪುಸ್ತಕ ಹಿಡಿದಾಗ ಇದೇ ಅತ್ತೆ, "ಈ ವಯಸ್ಸಲ್ಲಿ ಇವ್ಳು ಓದ್ತಾ ಕೂತ್ರೆ ಮನೆ ನೋಡೋರ್ ಯಾರಪ್ಪಾ?" ಅಂತ ಮಗನ ಹತ್ತಿರ ಗೊಣಗಿದ್ದರು. ಹೊಟ್ಟೆ ಉರಿದುಹೋಗಿತ್ತು ಆವತ್ತು.

ಪರೀಕ್ಷೆಗೆ ಮೊದಲು ಲ್ಯಾಪ್‌ಟಾಪ್ ತಿರುಗಿಸಿ, ನಕಲು ಹಿಡಿಯಲು ಕಾವಲಿಗಿದ್ದ ಕ್ಯಾಮೆರಾಗೆ ಕೋಣೆ, ಮೇಜಿನ ಕೆಳಗೆ, ಎಲ್ಲ ತೋರಿಸಿದ್ದಳು. ಹತ್ತಿರದ ಕೆನ್ಮೋರಿನ ಕೆರೆಯಲ್ಲಿ ನೀರಿನ ಮೇಲಿಂದಲೇ ಹಾರುವ ಪುಟ್ಟ ವಿಮಾನಗಳ ಗಲಾಟೆಯನ್ನು ಕಂಪ್ಯೂಟರು ಎಲ್ಲಿ ತಪ್ಪು ತಿಳಿಯುತ್ತದೋ ಅನ್ನುವುದೊಂದೇ ಅವಳ ಭಯ. ತನ್ನ ಬಾಯಿಯ ಮೇಲೇ ಅನುಮಾನ ಬರಬೇಕಿತ್ತು! ಪ್ರೈಮರಿ ಸ್ಕೂಲಲ್ಲಿ ಸಂಜೆಸಂಜೆ ಸಾಲಾಗಿ ನಿಂತು ಕೂಗಿ ಕಲಿತ ಮಗ್ಗಿ, ತುಟಿ ಆಡಿಸದೆ ಹೊರಗೆ ಬಂದರೆ ತಾನೆ? 'ಇನ್ನೊಬ್ಬರ ಜೊತೆ ಮಾತು' ಅಂತ ಕಂಪ್ಯೂಟರು ದೂರು ಹೇಳಿಯೇಬಿಟ್ಟಿತು.

ಬರೀ ತುಟಿಯದಾಗಿದ್ದರೆ ಹೇಗೋ ವಿವರಿಸಬಹುದಿತ್ತು. ಆದರೆ ಬಾಗಿಲ ಆಚೆಯಿಂದಲೂ ಒಂದು ದನಿ ಬಂದಿತ್ತು. ಅದು ಅವಳಿಗೆ ಗೊತ್ತು, ಗಂಡ ಕೇಶವನಿಗೂ ಗೊತ್ತು. ಬೆಳಗ್ಗೆ ಸೌತ್ ಲೇಕ್ ಯೂನಿಯನ್ ಬಡಾವಣೆಯ ಆಫೀಸಿಗೆ ಹೊರಡುತ್ತಾ, "ಕೇಳಿದ್ರೆ ಅಮ್ಮ ಕಾಫಿಗೆ ಕರೆದ್ರು ಅಂದ್ಬಿಡು. ಅವರಿಗೇನ್ ಕನ್ನಡ ಬರುತ್ತಾ?" ಅಂದಿದ್ದ.

ಎಲೆನ್ ವಿಡಿಯೋ ಹಾಕಿದರು. ಪರದೆಯ ಭಾನುಮತಿ ಪೆನ್ಸಿಲ್ ಕಚ್ಚಿಕೊಂಡು ಪಿಸುಗುಟ್ಟುತ್ತಿದ್ದಳು. "ಹದಿನೇಳೇಳ್ಲ ನೂರಾ ಹತ್ತೊಂಬತ್ತು... ಹದಿನೇಳೆಂಟ್ಲ... ಹದಿನೇಳೆಂಟ್ಲ..."

ಬಾಗಿಲ ಆಚೆಯಿಂದ ಸ್ಪಷ್ಟವಾಗಿ: "ನೂರಾ ಮೂವತ್ತಾರು!"

"ಅಯ್, ನನ್ ದನಿ!" ದೇವೀರಮ್ಮನಿಗೆ ಖುಷಿಯೋ ಖುಷಿ.

ಎಲೆನ್ ನಗಲಿಲ್ಲ. "ಇವರು ಏನು ಹೇಳಿದರು? ನನಗೆ ನಿಮ್ಮ ಭಾಷೆ ಬರುವುದಿಲ್ಲ. ನೀವು ಹೇಳಿದ್ದನ್ನೇ ಬರೆದುಕೊಳ್ಳುತ್ತೇನೆ," ಅಂದರು ಇಂಗ್ಲಿಷಿನಲ್ಲಿ.

ಕಾಫಿ. ಒಂದೇ ಒಂದು ಮಾತು, ಹೇಳಿಬಿಟ್ಟರೆ ಮುಗಿಯಿತು. ಭಾನುಮತಿಯ ನಾಲಗೆ ತುದಿಗೆ ಬಂದೂ ಬಿಟ್ಟಿತ್ತು. ಅಷ್ಟರಲ್ಲಿ ಆ ಹಾಳು ಪ್ರಶ್ನೆ ನೆನಪಾಯಿತು. ಹದಿನೇಳು ಕೆಜಿಯ ಮಗು, ಕೆಜಿಗೆ ಎಂಟು ಮಿಲಿಗ್ರಾಂ ಔಷಧಿ. ನಾಳೆ ನಿಜವಾಗಿಯೂ ಅಂಥದೊಂದು ಮಗು ಮಂಚದ ಮೇಲೆ ಮಲಗಿದ್ದು, ತನಗೆ ಲೆಕ್ಕ ತಪ್ಪಿದರೆ ಆಗಲೂ ಕಾಫಿ ಅನ್ನುವುದೇ? ಥೂ, ತನ್ನ ಮೇಲೇ ಹೇಸಿಗೆಯಾಯಿತು.

"ಉತ್ತರ ಹೇಳಿದರು," ಅಂದಳು. "ಒನ್ ಥರ್ಟಿ ಸಿಕ್ಸ್. ನನಗೆ ಹೊಳೆದಿರಲಿಲ್ಲ. ಅವರು ಹೇಳಿದ್ದನ್ನೇ ಬರೆದೆ."

ಎಲೆನ್ ಬಹಳ ಹೊತ್ತು ಏನನ್ನೋ ಟೈಪ್ ಮಾಡಿದರು. ಭಾನುಮತಿ ಸೆರಗಿಲ್ಲದ ಟೀ ಶರ್ಟಿನ ಅಂಚನ್ನೇ ಹಿಂಡುತ್ತಾ ಕೂತಳು. ಕೊನೆಗೆ ತೀರ್ಪು ಬಂತು: ಈ ಪರೀಕ್ಷೆ ರದ್ದು. ನಿಜ ಹೇಳಿದ್ದಕ್ಕೆ ಇನ್ನೊಂದೇ ಅವಕಾಶ. ಗುರುವಾರ ಹತ್ತು ಗಂಟೆಗೆ ಕಾಲೇಜಿಗೇ ಬಂದು, ಅವರ ಕಣ್ಣೆದುರೇ, ತುಟಿ ಆಡಿಸದೆ ಬರೆಯಬೇಕು. ಫೇಲಾದರೆ ಮುಂದಿನ ವರ್ಷ.

ಪರದೆ ಕಪ್ಪಾಯಿತು.

"ಏನಂದ್ಲವ್ವಾ ಆಯಮ್ಮ? ಪಾಸ್ ಮಾಡುದ್ಲಾ?"

"ಇಲ್ಲ ಅತ್ತೆ. ಮತ್ತೆ ಬರೀಬೇಕಂತೆ."

"ಯಾಕೆ?" ದೇವೀರಮ್ಮ ಸೊಸೆಯ ಮುಖ ನೋಡಿದರು. "ನಾನ್ ಹೇಳ್ಕೊಟ್ಟಿದ್ಕಾ?"

ಇಲ್ಲ ಅನ್ನಬಹುದಿತ್ತು. ಇವತ್ತಿಗೆ ಸುಳ್ಳಿನ ಆಸೆ ಮುಗಿದಿತ್ತು. "ಹೂಂ ಅತ್ತೆ. ಅದಕ್ಕೇ."

ಮುದುಕಿಯ ಮುಖ ಚಿಕ್ಕದಾಯಿತು. ಎದ್ದು ಕೋಣೆಯಿಂದ ಹೋದರು. ಭಾನುಮತಿಗೆ ಅಳು ಒತ್ತರಿಸಿ ಬಂತು. ಪರೀಕ್ಷೆಗೋ, ಅತ್ತೆಗೋ, ಅವಳಿಗೇ ತಿಳಿಯಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರಂತೆ ದೇವೀರಮ್ಮನನ್ನು. ಸೊಸೆಯ ಓದಿಗೆ ನೆರವಾಗಲಿ ಅಂತ ಅವರು ಬಾಯಿ ಬಿಟ್ಟಿದ್ದು ಆ ಪರೀಕ್ಷೆಯ ದಿನ, ಅದೊಂದೇ ಸಲ.

ಅಡಿಗೆಮನೆಯಲ್ಲಿ ಒಲೆ ಆರಿಸಿದ ಸದ್ದಾಯಿತು. ದೇವೀರಮ್ಮ ವಾಪಸ್ ಬಂದು ಕುರ್ಚಿಯನ್ನು ಸೊಸೆಯ ಎದುರಿಗೇ ಎಳೆದುಕೊಂಡು ಕೂತರು. ಕಣ್ಣು ಕೆಂಪಗಿತ್ತು.

"ಅಡ್ಗೆ ಹಾಳಾಗೋಗ್ಲಿ. ಎಲ್ಡು ದಿನ ಅದೆ. ಬಾಯಿ ಮುಚ್ಕೊಂಡು ಮನ್ಸಲ್ಲೇ ಹೇಳ್ಕೊ, ಉತ್ರ ಮಾತ್ರ ನಂಗೆ ಕೊಡು. ಹದಿನೇಳೆಂಟ್ಲ?"

ಭಾನುಮತಿ ತುಟಿ ಬಿಗಿಹಿಡಿದು ಕಣ್ಣು ಮುಚ್ಚಿದಳು. ದೇವೀರಮ್ಮ ತಮ್ಮ ಬಾಯಿಗೂ ಕೈ ಅಡ್ಡ ಇಟ್ಟುಕೊಂಡು ಕಾದರು.