ಬಿಸಿಲಲ್ಲಿ ಓದುವ ಅಕ್ಷರ

"ಇನ್ನಿಪ್ಪತ್ತೇ ನಿಮಿಷ ಕಣ್ರೀ ಮೇಡಂ," ಎಂದ ಸಂಘದ ಕಾರ್ಯದರ್ಶಿ ಮಧುಕರ, ಫೋನಿನಲ್ಲಿ. "ಹನ್ನೆರಡಕ್ಕೆ ಪಟ್ಟಿ ಮುಚ್ಚುತ್ತೆ. ಚಿಕ್ಕಬೋರಮ್ಮ ಒಪ್ಪಿಗೆ ಒತ್ತಲಿಲ್ಲ ಅಂದ್ರೆ ಕಟಾವಿನ ಆಳುಗಳ್ನ ಮುಂದಿನೋರ್ಗೆ ಕಳಿಸ್ಬುಡ್ತೀನಿ. ಇನ್ನೊಂದ್ ತಿಂಗ್ಳು ಅವಮ್ಮನ ಕಬ್ಬು ನಿಂತಲ್ಲೇ ಒಣಗ್ಬೇಕಾಯ್ತದೆ."

ರಂಜನಿ ಸ್ಕೂಟರನ್ನು ಹೊಳಲಿನ ನಾಲೆ ಏರಿಯ ಮೇಲೆ ನಿಲ್ಲಿಸಿ, ಬ್ಯಾಗನ್ನು ಎದೆಗವಚಿಕೊಂಡು ಇಳಿಜಾರಿನಲ್ಲಿ ಓಡಿದಳು. ಕಬ್ಬು ಬೆಳೆಗಾರರ ಸಂಘಕ್ಕೆ ವೆಬ್‌ಸೈಟು ಮಾಡಿಕೊಟ್ಟವಳು ಅವಳೇ. ಮೊದಲೆಲ್ಲ ಕಟಾವಿನ ಸರದಿ ಪಟ್ಟಿಯನ್ನು ಸಂಘದ ಗೋಡೆಗೆ ಅಂಟಿಸುತ್ತಿದ್ದರು. ಈ ವಾರದಿಂದ ಎಲ್ಲ ಫೋನಿನಲ್ಲೇ. ಉಳಿದವರೆಲ್ಲ ಒತ್ತಿಯಾಗಿತ್ತು. ಅವರಲ್ಲಿ ಬಹುಪಾಲು ಜನ ಮೊಮ್ಮಕ್ಕಳ ಕೈಲಿ ಒತ್ತಿಸಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ.

ಚಿಕ್ಕಬೋರಮ್ಮ ಬದುವಿನ ಮೇಲೆ ಕುಳಿತು ಫೋನನ್ನು ತೋಳುದ್ದ ಚಾಚುತ್ತಿದ್ದಳು, ಮೂಗಿನ ಹತ್ತಿರ ತರುತ್ತಿದ್ದಳು, ಮತ್ತೆ ಚಾಚುತ್ತಿದ್ದಳು.

"ಅಜ್ಜಿ, ಕೊಡಿ ಇಲ್ಲಿ. ನಾನೇ ಒತ್ಬಿಡ್ತೀನಿ."

"ಓದ್ದೆ ನಾನು ಯಾವ್ದ್ಕೂ ಒತ್ತಾಕಿಲ್ಲ ಕಣವ್ವ. ಏಳ್ನೇ ಕ್ಲಾಸು ಪಾಸು ಮಾಡಿವ್ನಿ. ಬಸ್ಸಿನ್ ಬೋರ್ಡು ಓದ್ತೀನಿ, ಪೇಪರ್ ಓದ್ತೀನಿ. ಇದ್ಯಾವನು ಬರ್ದೋನು, ಇರುವೆ ಸಾಲು ಬುಟ್ಟಂಗೆ?"

"ನಾನೇ."

"ಓ! ನೀನ್ ಓದ್ಕಳಕ್ಕೆ ಬರ್ಕಂಡಿದ್ದೀಯೆ ಅನ್ನು."

ರಂಜನಿ ಬಗ್ಗಿ ನೋಡಿದಳು. ಮೂರು ದಿನ ಕೂತು ಆರಿಸಿದ ಫಾಂಟು. ಕೂದಲೆಳೆಯಂಥ ಗೆರೆ, ಎಳೆ ಹಸಿರು ಬಣ್ಣ. ಮಂಡ್ಯದ ಕೋಣೆಯಲ್ಲಿ ಕಿಟಕಿಯ ಪರದೆ ಎಳೆದು, ದೊಡ್ಡ ಮಾನಿಟರಿನ ಮುಂದೆ ನೋಡಿದಾಗ ಎಷ್ಟು ಚೆಂದವಿತ್ತು! ಇಲ್ಲಿ ಬಿಸಿಲಿಗೆ ಆ ಗಾಜಿನಲ್ಲಿ ಕಂಡದ್ದು ಅವಳ ಮುಖವೇ. ಇಂಗ್ಲಿಷಿನ ಸಾಲುಗಳಿಗಿಟ್ಟ ಅಂತರವನ್ನೇ ಕನ್ನಡಕ್ಕೂ ಬಿಟ್ಟಿದ್ದಳು. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಕೊಂಡಿದ್ದವು. ಮುದುಕಿ ಯಾರಿಗೋ ಹೇಳಿ ಫೋನಿನ ಅಕ್ಷರವನ್ನೆಲ್ಲ ದೊಡ್ಡದು ಮಾಡಿಸಿಕೊಂಡಿದ್ದಳು. ಆದರೆ ಪುಟದ ಅಂದ ಕೆಡಬಾರದೆಂದು ರಂಜನಿ ಇಲ್ಲಿ ಅಕ್ಷರ ಹಿಗ್ಗದಂತೆ ಬೀಗ ಹಾಕಿದ್ದಳು.

ಹನ್ನೊಂದು ನಲವತ್ತೆಂಟು. ಮಂಡಿಯ ಮೇಲೆ ಲ್ಯಾಪ್‌ಟಾಪ್ ತೆರೆದು, ತನ್ನ ಫೋನಿನಿಂದ ನೆಟ್ ಹಾಕಿಕೊಂಡಳು. ಸಿಗ್ನಲ್ ಒಂದೇ ಗೆರೆ. ಫಾಂಟಿನ ಹೆಸರಿನ ಮೇಲೆ ಬೆರಳು ಒಂದು ಕ್ಷಣ ನಿಂತಿತು. ಅಳಿಸಿದಳು. ಸಾದಾ ದುಂಡು ಅಕ್ಷರ, ದಪ್ಪ, ಅಚ್ಚ ಕಪ್ಪು. ಸಾಲುಗಳ ನಡುವೆ ಕೈಬಿಚ್ಚಿ ಜಾಗ ಕೊಟ್ಟಳು. ಬೀಗ ತೆಗೆದಳು. ಪುಟ ಟೆಂಡರ್ ಪ್ರಕಟಣೆಯಂತೆ ಕಂಡಿತು.

"ಈಗ ನೋಡಿ ಅಜ್ಜಿ. ನಿಮ್ದು ಇಪ್ಪತ್ಮೂರು, ಕೆಳಗೆ ಹೋಗಿ."

ಚಿಕ್ಕಬೋರಮ್ಮ ಫೋನನ್ನು ಮಡಿಲಿಗಿಳಿಸಿದಳು. "ಒಂದು. ಮಹದೇವಯ್ಯ." ತಲೆಯೆತ್ತಿದಳು. "ಎಂಟ್ ಗುಂಟೆ ಇಟ್ಕಂಡು ಮೊದುಲ್ನೇ ಸರದಿಯಾ ಇವನ್ಗೆ? ಎರಡು..."

"ಅಜ್ಜಿ, ಟೈಮಿಲ್ಲ!"

"ತಡಿ ಮಗ. ಕಣ್ಣಿಗ್ ಕಾಣ್ತಿರೋದೇ ಇವಾಗ."

ಒಂದೊಂದೇ ಹೆಸರು. ರಂಜನಿ ಕೂತಳು, ಎದ್ದಳು, ಚಪ್ಪಲಿಯಿಂದ ಕಬ್ಬಿನ ಒಣಗರಿಯ ರವುದು ಕೆದಕಿದಳು. ಹನ್ನೊಂದು ಐವತ್ತೇಳಕ್ಕೆ ಮುದುಕಿ ತನ್ನ ಹೆಸರಿಗೆ ಬಂದು, ದಿನ ಓದಿ, ಗಂಟೆ ಓದಿ, ಎಷ್ಟು ಆಳು ಎಂಬುದನ್ನೂ ಓದಿ, ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು.

ಕೂಡಲೇ ಮಧುಕರನ ಫೋನು. "ಬಂತು ಮೇಡಂ. ಅಲ್ಲಾ, ಪುಟ ಯಾಕಿಂಗಾಗೋಯ್ತು? ಎಷ್ಟ್ ಚೆಂದಾಗಿತ್ತು!"

ರಂಜನಿ ಲ್ಯಾಪ್‌ಟಾಪ್ ಮುಚ್ಚಿದಳು. ಪಕ್ಕದಲ್ಲಿ ಚಿಕ್ಕಬೋರಮ್ಮ ಬೆರಳನ್ನು ಮುಂದಿನ ಸಾಲಿನ ಕೆಳಗೆ ಇಟ್ಟಿದ್ದಳು.

"ಇಪ್ಪತ್ನಾಕು," ಎಂದಳು.