ಹೂಂ ಅನ್ನದ ಮಧ್ಯಾಹ್ನ

ಏರುತ್ತವೆ, ಇಳಿಯುತ್ತವೆ, ಕಂಪ್ಯೂಟರಿನ ಗಾಜಿನೊಳಗೆ ಆಟದ ಆ ಹುಡುಗಿಯ ಭುಜಗಳು — ಬಾಗಿಲ ಮುಂದೆ ನಿಂತು ಉಸಿರಾಡುತ್ತಾಳೆ, ಗುಂಡಿ ಒತ್ತುವತನಕ ಹಾಗೇ ನಿಂತಿರುತ್ತಾಳಂತೆ, ಅನ್ನಪೂರ್ಣಾ ಹೇಳಿದ್ದಳು, ನನ್ನ ಮೊಮ್ಮಗಳು, ಮಣ್ಣು ಕೊಟ್ಟು ಇವತ್ತಿಗೆ ಐದು ದಿನ, ಶಿವನೇ, ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗಿಳಿಯುತ್ತಿದೆ, ಒರೆಸಲು ಕೈ ಏಳುವುದಿಲ್ಲ, ಅವಳ ಹೃದಯದ ಕವಾಟ ಸರಿಯಿಲ್ಲ, ಓಡಾಡಬಾರದು ಅಂದಿದ್ದರು ಡಾಕ್ಟರು, ಅದಕ್ಕೇ ಮಗ ಸೋಮಲಿಂಗ ಈ ಮಶೀನು ತಂದುಕೊಟ್ಟ, ಮಮದಾಪುರದಿಂದ ನನ್ನನ್ನೂ ಗೋಕಾಕಿಗೆ ಕರೆತಂದ, ಅಪ್ಪಾ, ಅಕಿಗೆ ದಿನಾ ಕಥಿ ಹೇಳ್ರಿ. ಹೇಳಿದೆ, ಅವಳು ಹೂಂ ಅಂದಳು. ಊರ ಕಟ್ಟೆಯ ಮೇಲೆ ಕಥೆ ನಡೆಯುವುದೇ ಹೂಂ ಎನ್ನುವವರ ಉಸಿರಿನಿಂದ, ಅಂಕಲಗಿಯಿಂದ ಕಥೆ ಹೇಳಲು ಬಂದ ಕರೆಪ್ಪನನ್ನು ಒಮ್ಮೆ ಬಾಯಿ ಬಿಗಿಹಿಡಿದೇ ಎಬ್ಬಿಸಿ ಕಳಿಸಿದ್ದೆವು — ಕಥೆ ಕೆಟ್ಟದ್ದೆನ್ನಲು ನಮ್ಮಲ್ಲಿ ಬೈಯುವುದಿಲ್ಲ, ಹೂಂ ನಿಲ್ಲಿಸುತ್ತೇವೆ, ಅಷ್ಟೇ. ಯಜ್ಜಾ, ನನ್ನ ಆಟದಾಗೂ ಕಥಿ ಐತಿ, ನೋಡಿ ಹೇಳು, ನಿಂದು ಚಲೋನೋ ಇದು ಚಲೋನೋ. ನೀರಲ್ಲಿ ಮುಳುಗಿದ ಊರು, ಕಳೆದುಹೋದ ತಮ್ಮ, ಹುಡುಕುವ ಅಕ್ಕ, ಹೊಳೆಗೆ ಬಿದ್ದು ಸತ್ತಳು, ಗುಂಡಿ ಒತ್ತಿದರೆ ಎದ್ದುಬಂದಳು, ಏನವ್ವಾ ಇದು, ಸತ್ತಾಕಿ ಎದ್ದು ಬಂದ್ರ ಅಳೋರ್ಯಾರು, ಇದೇನ್ ಕಥಿ. ಅವಳ ನಗು — ನಿನ್ನ ಕಥ್ಯಾಗಿನ ರಾಜಕುಮಾರ ಏಳ ಸಲ ಎದ್ದು ಬಂದಾನಲ್ಲೋ ಮುದುಕಾ, ಅವಂಗೇನ್ ಬಸ್ಸಿನ ಪಾಸ್ ಮಾಡಿಸಿ ಕೊಟ್ಟೀಯೇನು? ಸಿಟ್ಟು ಬಂತು, ನನ್ನ ಹೆಸರು, ಕಥಿ ಸತ್ತೆಪ್ಪ ಅಂದರೆ, ಸುತ್ತಲ ಊರಿಗೆ ಗೊತ್ತು, ಕಣ್ಣು ಮುಚ್ಚಿ, ತುಟಿ ಬಿಗಿದು ಕುಳಿತೆ. ಬಾಗಲಾ ತಗೀಲೇನ್ ಯಜ್ಜಾ, ಒಳಗ ತಮ್ಮ ಇದ್ದಾನು, ಹೂಂ ಅನ್ನು. ಅನ್ನಲಿಲ್ಲ. ಹೂಂ ಅನ್ನೋ. ದನಿ ಸಣ್ಣದಾಗಿತ್ತು, ರಮಿಸುತ್ತಿದ್ದಾಳೆ ಅಂದುಕೊಂಡೆ. ಯಜ್ಜಾ. ಆಮೇಲೆ ಸುಮ್ಮನಾದಳು, ಸೋತಳು ಎಂದು ಒಳಗೊಳಗೇ ನಕ್ಕೆ, ಬೆರಳ ಗೆಣ್ಣಿನ ಮೇಲೆ ನೂರೆಂಟು ಶಿವನಾಮ ಎಣಿಸಿ ಕಣ್ಣು ತೆರೆದರೆ ಅವಳ ತಲೆ ಮೇಜಿನ ಮೇಲೆ, ಅವಳ ಭುಜಗಳು ಅಲುಗಲಿಲ್ಲ, ಗಾಜಿನೊಳಗಿನವಳವು ಏರುತ್ತಿದ್ದವು, ಇಳಿಯುತ್ತಿದ್ದವು. ಆಟ ನಿಂತ ಜಾಗವನ್ನು ಮಶೀನು ನೆನಪಿಟ್ಟಿದೆ, ಈಗ ಅವಳ ಕುರ್ಚಿಯಲ್ಲಿ ಸೋಮಲಿಂಗ, ಬೆರಳು ಗುಂಡಿಯ ಮೇಲೆ, ಅಕಿ ಬಿಟ್ಟದ್ದ ನಾವರ ಮುಗಸೂಣ್ರಿ ಅಪ್ಪಾ, ಬಾಗಲಾ ತಗೀಲೇನ್ರಿ? ಅವಳೂ ಇದನ್ನೇ ಕೇಳಿದ್ದಳೆಂದು ಅವನಿಗೆ ಗೊತ್ತಿಲ್ಲ, ಯಾರಿಗೂ ಹೇಳಿಲ್ಲ. ನಿನ್ನ ಆಟದ್ದೇ ಚಲೋ ಕಥಿ, ಅವ್ವಾ, ಅದಕ್ಕೆ ಕಾಯುವುದು ಗೊತ್ತಿದೆ, ನನಗಿಂತ ಚೆನ್ನಾಗಿ — ಹೂಂ ಅನ್ನಲು ತುಟಿ ತೆರೆಯುವುದೂ ಬೇಡ, ಆದರೂ ಬರುತ್ತಿಲ್ಲ, ಅಪ್ಪಾ, ಹೂಂ ಅನ್ರಿ, ಬಾಗಿಲು, ಅವಳ ಭುಜಗಳು, ಏರುತ್ತವೆ, ಇಳಿಯುತ್ತವೆ, ಏರುತ್ತವೆ